ಶಾಂಪೇನ್ ನಿಯಮವನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ದಸರೆ ಮತ್ತು ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಕ್ರೂಸ್ ಪ್ರವಾಸದ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ಸಿಂಗಪುರದಿಂದ ಹೊರಟು ಮೂರ್ನಾಲ್ಕು ರಾತ್ರಿಗಳಲ್ಲಿ ಹಿಂದಿರುಗುವ ಯಾನ, ಮುಂಬೈಯಿಂದ ಗೋವಾ ಮತ್ತು ಲಕ್ಷದ್ವೀಪದ ಯಾನ, ಮಕ್ಕಳು ಅಮೆರಿಕದಲ್ಲಿರುವವರಿಗಾಗಿ ಮಯಾಮಿ ಇಲ್ಲವೇ ಗ್ಯಾಲ್ವೆಸ್ಟನ್ ಬಂದರಿನಿಂದ ಕೆರಿಬಿಯನ್ ಯಾನ, ಹೀಗೆ ಊರು ಬೇರೆಯಾದರೂ ಚಿತ್ರ ಮಾತ್ರ ಒಂದೇ. ಹಡಗಿನ ಬಾಲ್ಕನಿಯಲ್ಲಿ ಗಂಡ ಹೆಂಡತಿ ಶಾಂಪೇನ್ ಗ್ಲಾಸು ಹಿಡಿದು ನಿಂತಿರುತ್ತಾರೆ, ಕೆಳಗೆ ‘ಎಲ್ಲವೂ ಸೇರಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆ ಗ್ಲಾಸಿನಲ್ಲಿರುವುದು ಸಾಮಾನ್ಯವಾಗಿ ಆ ‘ಎಲ್ಲ’ದೊಳಗೆ ಸೇರಿರುವುದಿಲ್ಲ. ಸಂಭ್ರಮಕ್ಕೆಂದು ನಾವೇ ಒಂದು ಬಾಟಲಿ ಒಯ್ಯುತ್ತೇವೆಂದರೆ ಅದಕ್ಕೂ ಪ್ರತಿಯೊಂದು ಕಂಪನಿಯದೂ ಬೇರೆಬೇರೆ ಕಟ್ಟುಪಾಡಿದೆ. ಇದನ್ನು ಜಾಹೀರಾತು ಹೇಳುವುದಿಲ್ಲ, ಮುಂಗಡ ಪಡೆಯುವ ಏಜೆಂಟರೂ ಹೇಳುವುದಿಲ್ಲ. ಕುಡಿಯುವುದು ಸರಿಯೇ ತಪ್ಪೇ ಎಂಬ ಚರ್ಚೆ ನನ್ನ ಉದ್ದೇಶವಲ್ಲ. ದುಡ್ಡು ಕೊಟ್ಟು ಹೋಗುವವನಿಗೆ ನಿಯಮ ಮೊದಲೇ ಗೊತ್ತಿರಬೇಕು ಎನ್ನುವುದಷ್ಟೇ ನನ್ನ ವಾದ.

ಮೊದಲು ನಿಯಮಗಳನ್ನೇ ನೋಡೋಣ. ಅಮೆರಿಕದ ಬಂದರುಗಳಿಂದ ಹೊರಡುವ ದೊಡ್ಡ ಕಂಪನಿಗಳ ಪೈಕಿ ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ 21 ವರ್ಷ ತುಂಬಿದ ಪ್ರತಿ ಪ್ರಯಾಣಿಕರೂ ಹಡಗು ಹತ್ತುವ ದಿನ 750 ಮಿಲಿಲೀಟರಿನ, ಸೀಲು ಒಡೆಯದ ಒಂದು ವೈನ್ ಅಥವಾ ಶಾಂಪೇನ್ ಬಾಟಲಿಯನ್ನು ಕೈಚೀಲದಲ್ಲಿ ಒಯ್ಯಬಹುದು. ನಾರ್ವೇಜಿಯನ್ ಕಂಪನಿಯವರು ಸಂಖ್ಯೆಗೆ ಮಿತಿ ಹೇಳುವುದಿಲ್ಲ, ಆದರೆ ಹತ್ತುವಾಗಲೇ ಪ್ರತಿ ಬಾಟಲಿಗೂ ಕಾರ್ಕೇಜ್ ಎಂಬ, ಹೊರಗಿನ ಬಾಟಲಿ ತಂದದ್ದಕ್ಕೆ ತೆರುವ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಡಿಸ್ನಿ ಹಡಗುಗಳದು ಇನ್ನಷ್ಟು ಧಾರಾಳ: ತಲಾ ಎರಡು ಬಾಟಲಿ ವೈನ್ ಅಥವಾ ಆರು ಬಿಯರ್, ಅದೂ ಹೊರಡುವಾಗ ಮಾತ್ರವಲ್ಲ, ನಡುವೆ ಇಳಿಯುವ ಪ್ರತಿ ಬಂದರಿನಲ್ಲೂ. ಎಂಎಸ್‌ಸಿ ಕಂಪನಿಯಲ್ಲಿ ಹೊರಗಿನ ಮದ್ಯಕ್ಕೆ ಪ್ರವೇಶವೇ ಇಲ್ಲ. ವಿಸ್ಕಿ, ರಮ್, ವೋಡ್ಕಾಗಳನ್ನಂತೂ ಇವರಲ್ಲಿ ಯಾರೂ ಒಳಗೆ ಬಿಡುವುದಿಲ್ಲ. ದಾರಿಯ ದ್ವೀಪದಲ್ಲೋ ಹಡಗಿನ ಅಂಗಡಿಯಲ್ಲೋ ಕೊಂಡ ಬಾಟಲಿಯನ್ನು ಸಾಮಾನ್ಯವಾಗಿ ಅವರೇ ಇಟ್ಟುಕೊಂಡು, ಯಾನದ ಕೊನೆಯಲ್ಲಿ ಹಿಂದಿರುಗಿಸುತ್ತಾರೆ. ವಯಸ್ಸಿನ ಲೆಕ್ಕವೂ ಬಂದರಿಗೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದಿಂದ ಹೊರಟ ಹಡಗಿನಲ್ಲಿ 21 ತುಂಬಿರಬೇಕು, ಸಿಂಗಪುರದಿಂದ ಹೊರಟರೆ 18 ಸಾಕು. ಇಪ್ಪತ್ತರ ಮಗಳನ್ನೂ ಲೆಕ್ಕಕ್ಕೆ ಹಿಡಿದು ಬಾಟಲಿ ಕೊಂಡವರಿಗೆ ಈ ವ್ಯತ್ಯಾಸ ತಿಳಿಯುವುದು ಬಂದರಿನ ತಪಾಸಣೆಯ ಮೇಜಿನ ಮುಂದೆ.

ಈ ಕಟ್ಟುಪಾಡುಗಳು ಆಗಾಗ ಬದಲಾಗುತ್ತಿರುತ್ತವೆ. ಹೋದ ವರ್ಷ ಹೋಗಿ ಬಂದ ನೆಂಟರ ಮಾತನ್ನು ಈ ವರ್ಷ ನಂಬುವಂತಿಲ್ಲ. ಆದ್ದರಿಂದಲೇ ಟಿಕೆಟ್ ಮಾರುವವರು ಆಯಾ ಯಾನದ ನಿಯಮವನ್ನು ಬರವಣಿಗೆಯಲ್ಲಿ ಕೊಡಬೇಕು ಎನ್ನುತ್ತಿದ್ದೇನೆ.

ಕೊಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಕಂಡ ಒಂದು ಪ್ರಸಂಗವಿದೆ. ನಮ್ಮ ಬಂಧುಗಳೊಬ್ಬರ ಮದುವೆಯ ಸುವರ್ಣ ಮಹೋತ್ಸವವನ್ನು ಹಡಗಿನಲ್ಲಿ ಆಚರಿಸಬೇಕೆಂದು ಟೆಕ್ಸಸ್‌ನಲ್ಲಿರುವ ಮಗ ಸೊಸೆ ಆಸೆಪಟ್ಟರು. ಟಿಕೆಟ್ ಕೊಂಡದ್ದು ಬೆಂಗಳೂರಿನ ಒಬ್ಬ ಏಜೆಂಟರಿಂದ. ಬಾಟಲಿ ಒಯ್ಯಬಹುದೇ ಎಂದು ಕೇಳಿದ್ದಕ್ಕೆ ಆತ, ‘ಸೂಟ್‌ಕೇಸಿನಲ್ಲಿ ಹಾಕಿಬಿಡಿ ಸಾರ್, ಏನೂ ತೊಂದರೆ ಇಲ್ಲ’ ಎಂದರಂತೆ. ಬಂದರಿನಲ್ಲಿ ಕೂಲಿಯವರು ಪೆಟ್ಟಿಗೆಗಳನ್ನು ಒಯ್ದರು. ಸಂಜೆಯ ಹೊತ್ತಿಗೆ ಎಲ್ಲರ ಪೆಟ್ಟಿಗೆಗಳೂ ಅವರವರ ಕೋಣೆಯ ಬಾಗಿಲಿಗೆ ಬಂದವು, ಇದೊಂದು ಬರಲಿಲ್ಲ. ಆ ದಿನ ಉಡಬೇಕಿದ್ದ ರೇಷ್ಮೆ ಸೀರೆಯೂ ಅದರಲ್ಲೇ ಇತ್ತು. ವಿಚಾರಿಸಿದಾಗ ಕೆಳಗಿನ ಮಜಲಿನ ಭದ್ರತಾ ಕೋಣೆಗೆ ಹೋಗಿ ಎಂದರು. ಅಲ್ಲಿ ಎಕ್ಸ್-ರೇಯಲ್ಲಿ ಸಿಕ್ಕಿಬಿದ್ದ ಪೆಟ್ಟಿಗೆಗಳ ಸಾಲೇ ಇತ್ತು. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ವಯರು, ಯಾರದೋ ಪುಟ್ಟ ರೈಸ್ ಕುಕ್ಕರ್. (ನಮ್ಮ ಕಡೆಯವರೇ ಇರಬೇಕು ಎಂದುಕೊಂಡೆ. ಬಿಸಿ ಮಾಡುವ ವಿದ್ಯುತ್ ಉಪಕರಣಗಳಿಗೂ ಬೆಂಕಿಯ ಭಯದಿಂದ ಹಡಗಿನಲ್ಲಿ ನಿಷೇಧವಿದೆ ಎನ್ನುವುದನ್ನೂ ಯಾರೂ ಹೇಳಿರುವುದಿಲ್ಲ.) ಸರದಿ ಬಂದಾಗ ಬೀಗ ತೆಗೆಸಿದರು, ಜರಿ ಪಂಚೆಯಲ್ಲಿ ಸುತ್ತಿಟ್ಟಿದ್ದ ಶಾಂಪೇನ್ ಬಾಟಲಿಯನ್ನು ಹೊರತೆಗೆದು, ಕೋಣೆಯ ಸಂಖ್ಯೆ ಬರೆದ ಚೀಟಿ ಅಂಟಿಸಿ, ಇಳಿಯುವ ದಿನ ಪಡೆಯಿರಿ ಎಂದರು. ಎಪ್ಪತ್ತು ದಾಟಿದ ಆ ಹಿರಿಯರಿಗೆ ಬಾಟಲಿ ಹೋದ ಬೇಸರಕ್ಕಿಂತ ಕಳ್ಳಮಾಲು ತಂದವರ ಸಾಲಿನಲ್ಲಿ ನಿಂತ ಸಂಕೋಚವೇ ಹೆಚ್ಚಾಗಿತ್ತು. ಅದೇ ಬಾಟಲಿ ಮಗನ ಕೈಚೀಲದಲ್ಲಿದ್ದಿದ್ದರೆ ಯಾರ ತಕರಾರೂ ಇಲ್ಲದೆ ಒಳಗೆ ಹೋಗುತ್ತಿತ್ತು. ರಾತ್ರಿ ಊಟಕ್ಕೆ ಹಡಗಿನಲ್ಲೇ ಒಂದು ಶಾಂಪೇನ್ ತರಿಸಿದರು. ಅಂಗಡಿಯ ಬೆಲೆಯ ಮೂರು ಪಟ್ಟು, ಮೇಲೆ ಸೇವಾ ಶುಲ್ಕ.

ಹಡಗಿನವರು ಇಷ್ಟು ಬಿಗಿಯಾಗಿರುವುದೇಕೆ ಎಂದು ಕೇಳಿದರೆ, ಸುರಕ್ಷತೆ ಎನ್ನುತ್ತಾರೆ. ಅದು ಸುಳ್ಳಲ್ಲ. ಬಾರಿನಲ್ಲಿ ಯಾರಿಗೆ ಎಷ್ಟು ಸುರಿದೆವೆಂದು ಸಿಬ್ಬಂದಿಗೆ ಗೊತ್ತಿರುತ್ತದೆ, ಮುಚ್ಚಿದ ಕೋಣೆಯಲ್ಲಿ ಖಾಲಿಯಾದ ವಿಸ್ಕಿ ಬಾಟಲಿಯ ಲೆಕ್ಕ ಯಾರಿಗೂ ಸಿಗುವುದಿಲ್ಲ, ಮತ್ತು ನಡುಸಮುದ್ರದಲ್ಲಿ ಅಮಲೇರಿದವನು ಹಡಗಿನ ಅಂಚಿನ ಕಂಬಿ ಹತ್ತಿದರೆ ಅದರ ಹೊಣೆ ಕಪ್ತಾನನದು. ಆದರೆ ಅದಷ್ಟೇ ನಿಜವೂ ಅಲ್ಲ. ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಟಿಕೆಟ್ಟಿನಿಂದಲ್ಲ, ಹತ್ತಿದ ಮೇಲೆ ಪ್ರಯಾಣಿಕರು ಮಾಡುವ ಖರ್ಚಿನಿಂದ ಬರುತ್ತದೆ: ಮದ್ಯ, ಕ್ಯಾಸಿನೊ, ದ್ವೀಪಗಳ ಸುತ್ತಾಟ, ಇಂಟರ್ನೆಟ್, ಮಸಾಜು. ಟಿಕೆಟ್ಟನ್ನು ಅಗ್ಗ ಮಾಡಿ ಬಾರಿನಲ್ಲಿ ತುಂಬಿಕೊಳ್ಳುವ ವ್ಯಾಪಾರ ಇದು. ಅವರ ವ್ಯಾಪಾರ, ಅವರ ಹಡಗು, ಅವರ ನಿಯಮ, ಅದರಲ್ಲಿ ನನಗೆ ತಕರಾರಿಲ್ಲ. ನಿಯಮವನ್ನು ಸಣ್ಣ ಅಕ್ಷರಗಳ ಹತ್ತಾರು ಪುಟಗಳ ಒಪ್ಪಂದದೊಳಗೆ ಹೂತಿಟ್ಟು, ಮೇಲ್ಗಡೆ ‘ಎಲ್ಲವೂ ಸೇರಿ’ ಎಂದು ಬರೆಯುವುದಕ್ಕೆ ನನ್ನ ತಕರಾರು.

ಇದರಲ್ಲಿ ನಮ್ಮ ಕುಟುಂಬಗಳಿಗೆ ಹೆಚ್ಚು ಹೊಡೆತ ಕೊಡುವುದು ಮದ್ಯದ ಪ್ಯಾಕೇಜು. ದಿನಕ್ಕಿಷ್ಟು ಡಾಲರ್ ಕೊಟ್ಟರೆ ಬೇಕಾದಷ್ಟು ಕುಡಿಯಬಹುದೆನ್ನುವ ಈ ಯೋಜನೆಯನ್ನು ಒಂದು ಕೋಣೆಯಲ್ಲಿ ಒಬ್ಬರು ಕೊಂಡರೆ ಅದೇ ಕೋಣೆಯ ಉಳಿದ ವಯಸ್ಕರೂ ಕೊಳ್ಳಲೇಬೇಕು ಎನ್ನುವುದು ಹಲವು ಕಂಪನಿಗಳ ಷರತ್ತು. ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಕುಡಿಯದಿರಲೆಂದು ಮಾಡಿದ ಷರತ್ತು ಇದು. ಗಂಡ ಸಂಜೆಗೊಂದು ಗ್ಲಾಸು ವೈನ್ ಕುಡಿಯುವವನು, ಹೆಂಡತಿ ಜನ್ಮದಲ್ಲಿ ಮುಟ್ಟಿದವಳಲ್ಲ ಎನ್ನುವಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಂಥವರು ಇಬ್ಬರ ಹಣವನ್ನೂ ಕಟ್ಟಿ, ಒಬ್ಬರು ಐದೂ ದಿನ ಕಿತ್ತಳೆ ರಸ ಕುಡಿದು ಬರುತ್ತಾರೆ. ವೈದ್ಯಕೀಯ ಕಾರಣವಿದ್ದರೆ ಮೊದಲೇ ಫೋನು ಮಾಡಿ ವಿನಾಯಿತಿ ಕೇಳುವ ಅವಕಾಶವನ್ನು ಕೆಲವರು ಕೊಡುತ್ತಾರೆ, ಆದರೆ ಕೇಳಬೇಕೆಂಬುದು ತಿಳಿದಿದ್ದರೆ ತಾನೆ ಕೇಳುವುದು. ಇಂಥ ದಂಪತಿಗೆ ಕೈಚೀಲದಲ್ಲಿ ಒಯ್ಯುವ ಒಂದು ಬಾಟಲಿಯೇ ಸರಿಯಾದ ದಾರಿ. 750 ಮಿಲಿಲೀಟರಿನಲ್ಲಿ ಆರು ಗ್ಲಾಸು ಶಾಂಪೇನ್ ಆಗುತ್ತದೆ, ಒಂದು ಸಂಜೆಯ ಸಂಭ್ರಮಕ್ಕೆ ಮನೆಮಂದಿಗೆಲ್ಲ ಸಾಕು. ಕೋಣೆಯಲ್ಲೇ ಕುಡಿದರೆ ಹೆಚ್ಚಿನ ಕಂಪನಿಗಳಲ್ಲಿ ಕಾರ್ಕೇಜ್ ಇಲ್ಲ, ಊಟದ ಹಾಲಿಗೆ ಒಯ್ದರೆ ತೆರಬೇಕಾಗಬಹುದು. ಕೋಣೆಯ ಸಣ್ಣ ಫ್ರಿಜ್ಜು ಶಾಂಪೇನ್ ತಣಿಸುವಷ್ಟು ಚುರುಕಾಗಿರುವುದಿಲ್ಲ, ಕೋಣೆಯ ಸಿಬ್ಬಂದಿಗೆ ಹೇಳಿದರೆ ಬಕೆಟ್ಟಿನಲ್ಲಿ ಐಸು ತಂದುಕೊಡುತ್ತಾರೆ. ಆದರೆ ಬಾಲ್ಕನಿಗೆ ಹೋಗಿ ಬಿರಡೆಯನ್ನು ಸಮುದ್ರದತ್ತ ಹಾರಿಸುವ ಸಿನಿಮೀಯ ಸಾಹಸ ಮಾತ್ರ ಬೇಡ. ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು, ಮತ್ತು ಹಡಗಿನಿಂದ ಏನನ್ನೇ ನೀರಿಗೆಸೆದರೂ ಅದು ಹಡಗಿನವರು ಗಂಭೀರವಾಗಿ ಪರಿಗಣಿಸುವ ತಪ್ಪು. ತಂತಿ ಬಿಚ್ಚಿ, ಬಾಟಲಿಯನ್ನು ಓರೆಯಾಗಿ ಹಿಡಿದು, ಬಿರಡೆಯನ್ನು ಅದುಮಿಕೊಂಡು ಬಾಟಲಿಯನ್ನೇ ನಿಧಾನ ತಿರುಗಿಸಿದರೆ ನಿಟ್ಟುಸಿರಿನಷ್ಟೇ ಸದ್ದಾಗುತ್ತದೆ.

ನಿಯಮವನ್ನು ಹೇಳದೆ ಬಿಟ್ಟಾಗ ಹುಟ್ಟುವುದು ಕಳ್ಳದಾರಿಯ ಉಪದೇಶ. ಮೌತ್‌ವಾಶ್ ಬಾಟಲಿಗೆ ವೋಡ್ಕಾ ತುಂಬಿ ಹಸಿರು ಬಣ್ಣ ಹಾಕುವುದು, ಎಕ್ಸ್-ರೇಗೆ ಕಾಣದಂತೆ ಪ್ಲಾಸ್ಟಿಕ್ ಚೀಲದಲ್ಲಿ ರಮ್ ತುಂಬುವುದು, ಇಂಥ ಉಪಾಯಗಳನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಗೋವಾದಿಂದ ಬರುವಾಗ ಕಾರವಾರದ ಮಾಜಾಳಿ ತನಿಖಾ ಠಾಣೆಯಲ್ಲಿ ಸೀಟಿನಡಿಯ ಬಾಟಲಿಗಳು ಹೇಗೆ ಹೊರಬೀಳುತ್ತವೆಂದು ಬಲ್ಲ ಕನ್ನಡಿಗರು ಹಡಗಿನ ತಪಾಸಣೆಯವರನ್ನು ಅಷ್ಟು ಹಗುರವಾಗಿ ಎಣಿಸಬಾರದು. ಅವರು ದಿನಂಪ್ರತಿ ಸಾವಿರಾರು ಚೀಲಗಳನ್ನು ನೋಡುವವರು. ಸಿಕ್ಕಿಬಿದ್ದ ವಿಸ್ಕಿಯನ್ನು ಹಿಂದಿರುಗಿಸಲೇಬೇಕೆಂಬ ಕಟ್ಟಳೆಯೂ ಇಲ್ಲ, ಹಲವು ಕಂಪನಿಗಳು ಚೆಲ್ಲಿಬಿಡುತ್ತವೆ.

ನಮ್ಮ ದೇಶದ ಯಾನಗಳ ಬಗ್ಗೆಯೂ ಒಂದು ಮಾತು. 2021ರಿಂದ ಮುಂಬೈಯನ್ನು ನೆಲೆಯಾಗಿಸಿಕೊಂಡು ಓಡುತ್ತಿರುವ ಕಾರ್ಡೇಲಿಯಾ ಹಡಗಿನಲ್ಲಿ ಹೊರಗಿನ ಮದ್ಯಕ್ಕೆ ಅವಕಾಶವಿಲ್ಲ, ಬೇಕಾದವರು ಒಳಗೇ ಕೊಳ್ಳಬೇಕು. ಲಕ್ಷದ್ವೀಪದಲ್ಲಿ ಬಂಗಾರಂ ದ್ವೀಪವೊಂದನ್ನು ಬಿಟ್ಟು ಬಹುಕಾಲದಿಂದ ಪಾನನಿಷೇಧವಿದೆ, ಅಲ್ಲಿ ದೋಣಿಯಲ್ಲಿ ದಡಕ್ಕಿಳಿಯುವಾಗ ಚೀಲದಲ್ಲಿ ಅರ್ಧ ಬಾಟಲಿ ಉಳಿದಿದ್ದರೂ ಅದು ಹಡಗಿನ ನಿಯಮದ ಪ್ರಶ್ನೆಯಾಗಿ ಉಳಿಯದೆ ಕಾನೂನಿನ ಪ್ರಶ್ನೆಯಾಗುತ್ತದೆ. ಮುಂಬೈಯಿಂದ ಬಂದು ಗೋವಾದ ಮುರ್ಮುಗೋವಾ ಬಂದರಿನಲ್ಲಿ ಇಳಿದು, ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ವೈನ್ ಕೊಂಡು ಕಾರಿನಲ್ಲಿ ಹುಬ್ಬಳ್ಳಿಗೋ ಬೆಳಗಾವಿಗೋ ಹೊರಡುವವರಿಗೆ ಕರ್ನಾಟಕದ ಅಬಕಾರಿ ಕಾಯ್ದೆಯಂತೂ ಕಾದೇ ಇರುತ್ತದೆ.

ವಿಮಾನದ ದಾರಿಯನ್ನೂ ಇದರೊಂದಿಗೆ ಸೇರಿಸಿಯೇ ಯೋಚಿಸಬೇಕು. ದೊಡ್ಡಬಳ್ಳಾಪುರದ ಬಳಿಯ ದ್ರಾಕ್ಷಿತೋಟದ ಒಂದು ಒಳ್ಳೆಯ ವೈನನ್ನು ಅಮೆರಿಕದ ಮಕ್ಕಳಿಗೆ ಕುಡಿಸುವ ಆಸೆಯವರಿದ್ದಾರೆ, ಒಳ್ಳೆಯದೇ. ಅದನ್ನು ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲೇ ಇಡಬೇಕು, ಏಕೆಂದರೆ ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವಕ್ಕೆ ಅವಕಾಶವಿಲ್ಲ. ಬಂದರಿನಲ್ಲಿ ಮಾತ್ರ ಅದೇ ಬಾಟಲಿ ಪೆಟ್ಟಿಗೆಯಿಂದ ಹೊರಬಂದು ಕೈಚೀಲಕ್ಕೆ ಹೋಗಬೇಕು. ವಿಮಾನದ ಅಭ್ಯಾಸಬಲದಿಂದ ಹಡಗಿನಲ್ಲೂ ಪೆಟ್ಟಿಗೆಯಲ್ಲೇ ಬಿಡುವುದರಿಂದಲೇ ನಮ್ಮವರಲ್ಲಿ ಹೆಚ್ಚಿನವರು ಪೇಚಿಗೆ ಸಿಲುಕುವುದು. ಅಮೆರಿಕಕ್ಕೆ ಕಾಲಿಡುವಾಗ 21 ತುಂಬಿದವರಿಗೆ ತಲಾ ಒಂದು ಲೀಟರಿಗೆ ಸುಂಕವಿಲ್ಲ, ಭಾರತಕ್ಕೆ ಹಿಂದಿರುಗುವಾಗ ಎರಡು ಲೀಟರಿಗೆ. ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಡ್ಯೂಟಿ ಫ್ರೀ ಅಂಗಡಿಯಿಂದ ಕೊಂಡು, ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವವರು ಮೊದಲ ನಿಲ್ದಾಣದ ಕಸ್ಟಮ್ಸ್ ದಾಟಿದೊಡನೆ ಅದನ್ನು ಪೆಟ್ಟಿಗೆಗೆ ಸೇರಿಸುವುದು ಕ್ಷೇಮ.

ಈಗ ನನ್ನ ಕೋರಿಕೆ. ರಾಜ್ಯದಲ್ಲಿ ಕ್ರೂಸ್ ಟಿಕೆಟ್ ಮಾರುವ ಪ್ರವಾಸ ಸಂಸ್ಥೆಗಳು ಮುಂಗಡ ಪಡೆಯುವ ಮೊದಲು ಒಂದು ಪುಟದ ಕನ್ನಡ ಹಾಳೆಯನ್ನು ಗ್ರಾಹಕರ ಕೈಗಿಡಲಿ. ತಲಾ ಎಷ್ಟು ಬಾಟಲಿ, ಯಾವ ಚೀಲದಲ್ಲಿ, ಎಷ್ಟು ವಯಸ್ಸಿಗೆ, ಕಾರ್ಕೇಜ್ ಎಷ್ಟು, ಪ್ಯಾಕೇಜನ್ನು ಕೋಣೆಯವರೆಲ್ಲ ಕೊಳ್ಳಬೇಕೇ ಎಂಬಿಷ್ಟು ಅದರಲ್ಲಿರಲಿ, ಕೆಳಗೆ ಅವರ ಸಹಿ ಮತ್ತು ದಿನಾಂಕವಿರಲಿ. ಬಾಯಿಮಾತಿನ ‘ತೊಂದರೆ ಇಲ್ಲ ಸಾರ್’ ಅನ್ನು ಹಿಡಿದುಕೊಂಡು ಗ್ರಾಹಕರ ಆಯೋಗಕ್ಕೆ ಹೋಗುವುದು ಕಷ್ಟ, ಸಹಿ ಇರುವ ಕಾಗದವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯನ್ನು ಪ್ರಶ್ನಿಸಲು ಒಂದು ಆಧಾರವಾದರೂ ಸಿಗುತ್ತದೆ. ತಮ್ಮಂಥ ಪತ್ರಿಕೆಗಳೂ ‘ಎಲ್ಲವೂ ಸೇರಿ’ ಎಂಬ ಜಾಹೀರಾತನ್ನು ಪಡೆಯುವಾಗ, ಮದ್ಯ ಸೇರಿಲ್ಲದಿದ್ದರೆ ‘ಮದ್ಯದ ಹೊರತು’ ಎಂಬ ಎರಡು ಪದಗಳನ್ನು ಅದೇ ಗಾತ್ರದ ಅಕ್ಷರಗಳಲ್ಲಿ ಸೇರಿಸುವಂತೆ ಜಾಹೀರಾತುದಾರರನ್ನು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು