ಲಾಭದ ಅಂಕಿ ಆಮೇಲೆ, ಮೊದಲು ಲಾಗ್ ತೋರಿಸಿ

ಸಂಪಾದಕರೇ,

ಕಂಪ್ಯೂಟರ್ ತಾನಾಗಿಯೇ ಷೇರು ಕೊಂಡು ಮಾರುವ ಆಲ್ಗೋ ಟ್ರೇಡಿಂಗ್ ಬಗ್ಗೆ ಪತ್ರಿಕೆಗಳಲ್ಲಿ ಈಗ ಸಾಕಷ್ಟು ಬರುತ್ತಿದೆ. ಯಾವ ತಂತ್ರ ಒಳ್ಳೆಯದು, ಎಷ್ಟು ಲಾಭ ಸಿಗಬಹುದು, ಎಲ್ಲಾ ಇರುತ್ತದೆ. ಆದರೆ ಆ ಪ್ರೋಗ್ರಾಂ ದಿನವಿಡೀ ಏನೇನು ಮಾಡಿತು ಅಂತ ಸಾಲು ಸಾಲಾಗಿ ಬರೆದಿಡುವ ಲಾಗ್ ಇದೆಯಲ್ಲ, ಅದನ್ನು ಓದುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಇಂಥ ಲಾಗ್‌ಗಳನ್ನು ನೋಡುವುದೇ ನನ್ನ ಕೆಲಸ. ಅದಕ್ಕೇ ಈ ಪತ್ರ.

ತುಂಬಾ ಜನ ಆ್ಯಪ್ ತೆರೆದು, ಹಸಿರು ಬಣ್ಣದ ಲಾಭದ ಅಂಕಿ ನೋಡಿ, ಮುಚ್ಚಿಬಿಡುತ್ತಾರೆ. ಲಾಗ್ ತೆರೆದರೆ ತಲೆ ಗಿರ್ ಅನ್ನುತ್ತದೆ, ಅದು ನಿಜ. ಆದರೆ ಮುಖ್ಯವಾಗಿ ತಿಳಿದಿರಬೇಕಾದ ವಿಷಯ ಒಂದೇ: ಆರ್ಡರ್ ಕಳಿಸಿದ್ದು ಬೇರೆ, ಆರ್ಡರ್ ಆಗಿದ್ದು ಬೇರೆ. ‘ಸೆಂಟ್’ ಅಂತ ಇದ್ದರೆ ಪ್ರೋಗ್ರಾಂ ಕಳಿಸಿತು, ಅಷ್ಟೇ. ‘ಅಕ್ಸೆಪ್ಟೆಡ್’ ಅಂದರೆ ಎಕ್ಸ್‌ಚೇಂಜ್, ಅಂದರೆ ಷೇರು ವಿನಿಮಯ ಕೇಂದ್ರ, ಅದನ್ನು ತೆಗೆದುಕೊಂಡಿತು. ‘ಫಿಲ್’ ಅಂತ ಬಂದರೆ ಮಾತ್ರ ವ್ಯಾಪಾರ ನಡೆದಿದೆ, ಅದೂ ಪೂರ್ತಿ ಅಂತೇನಿಲ್ಲ.

ಕೆಳಗಿನದು ನಾನೇ ಬರೆದ ಮಾದರಿ, ಆದರೆ ಇಂಥದ್ದು ಎಲ್ಲಿ ಬೇಕಾದರೂ ಸಿಗುತ್ತದೆ:

10:14:02.118 ಬೈ ಆರ್ಡರ್ ಸೆಂಟ್, 100
10:14:02.164 ಅಕ್ಸೆಪ್ಟೆಡ್
10:14:02.930 ಪಾರ್ಷಿಯಲ್ ಫಿಲ್, 40
10:14:07.118 ಕ್ಯಾನ್ಸಲ್ ಸೆಂಟ್
10:14:07.121 ಸ್ಟಾಪ್‌ಲಾಸ್ ಸೆಂಟ್, 40
10:14:07.139 ಪಾರ್ಷಿಯಲ್ ಫಿಲ್, 30
10:14:07.170 ಕ್ಯಾನ್ಸಲ್ಡ್, ಬಾಕಿ 30

100 ಷೇರು ಕೇಳಿದ ಪ್ರೋಗ್ರಾಂಗೆ 40 ಸಿಕ್ಕಿತು. ಐದು ಸೆಕೆಂಡ್ ಕಾದು, ಉಳಿದದ್ದು ಬೇಡ ಅಂತ ಕ್ಯಾನ್ಸಲ್ ಕಳಿಸಿತು, ಉತ್ತರಕ್ಕೆ ಕಾಯದೆ 40ಕ್ಕೆ ಮಾತ್ರ ಸ್ಟಾಪ್‌ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅನ್ನುವ ಆರ್ಡರ್, ಹಾಕಿತು. ಆದರೆ ಆ ಕ್ಯಾನ್ಸಲ್ ಇನ್ನೂ ದಾರಿಯಲ್ಲಿರುವಾಗಲೇ ಮತ್ತೆ 30 ಷೇರು ಬಂದು ಬಿತ್ತು. ಈಗ ಕೈಯಲ್ಲಿರುವುದು 70, ರಕ್ಷಣೆ ಇರುವುದು 40ಕ್ಕೆ. ಬೆಲೆ ಕುಸಿದರೆ ಆಮೇಲೆ ಬಂದ 30 ಷೇರಿಗೆ ರಕ್ಷಣೆಯೇ ಇಲ್ಲ. ಗಮನಿಸಿ, ಇಲ್ಲಿ ‘ಎರರ್’ ಅನ್ನುವ ಪದ ಒಂದು ಕಡೆಯೂ ಇಲ್ಲ. ಎಕ್ಸ್‌ಚೇಂಜ್ ತಪ್ಪು ಮಾಡಿಲ್ಲ, ನೆಟ್ ಹೋಗಿಲ್ಲ, ಒಂದೊಂದು ಸಾಲೂ ತನ್ನ ಮಟ್ಟಿಗೆ ಸರಿಯಾಗಿಯೇ ಇದೆ. ‘ಎರರ್ ಬಂದಿದೆಯಾ?’ ಅಂತ ಮಾತ್ರ ಹುಡುಕುವವರಿಗೆ ಇದು ಜನ್ಮದಲ್ಲಿ ಸಿಗಲ್ಲ.

ಇದೇನು ಸಣ್ಣ ವಿಷಯ ಅನ್ನುವವರು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ವ್ಯಾಪಾರದ ಕಂಪನಿಯ ಕತೆ ನೋಡಬೇಕು. 2012ರ ಆಗಸ್ಟ್ 1. ಎಂಟು ಸರ್ವರ್‌ಗಳಿಗೆ ಹೊಸ ಪ್ರೋಗ್ರಾಂ ಹಾಕಬೇಕಿತ್ತು, ಒಂದಕ್ಕೆ ಹಾಕುವುದು ಬಿಟ್ಟುಹೋಗಿತ್ತು. ಆ ಒಂದರಲ್ಲಿ ವರ್ಷಗಳಿಂದ ಯಾರೂ ಬಳಸದೆ ಬಿದ್ದಿದ್ದ ‘ಪವರ್ ಪೆಗ್’ ಅನ್ನುವ ಹಳೆಯ ಕೋಡ್ ಎದ್ದು ಕೂತಿತು. ಕೇಳಿದಷ್ಟು ಷೇರು ಸಿಕ್ಕಿತಾ ಅಂತ ಲೆಕ್ಕ ಇಡುವ ಭಾಗವನ್ನು 2005ರಲ್ಲೇ ಅದರ ಕೈಗೆ ಸಿಗದ ಕಡೆಗೆ ಸಾಗಿಸಿದ್ದರು. ಹಾಗಾಗಿ ಆರ್ಡರ್ ಪೂರ್ತಿ ಫಿಲ್ ಆಗಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ, ಕಳಿಸುತ್ತಲೇ ಹೋಯಿತು. 212 ಆರ್ಡರ್‌ಗಳನ್ನು ಪೂರೈಸಲು ಹೊರಟು ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಜಾಸ್ತಿ ವ್ಯಾಪಾರ ನಡೆಸಿತು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಕಳಿಸಿದ್ದು ಬೇರೆ, ಆಗಿದ್ದು ಬೇರೆ ಅಂದೆನಲ್ಲ, ಅದೇ.

ನನಗೆ ಇದರಲ್ಲಿ ನಷ್ಟಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಅವತ್ತು ಮಾರುಕಟ್ಟೆ ತೆರೆಯುವ ಮೊದಲೇ, ಬೆಳಗ್ಗೆ 8 ಗಂಟೆಯ ಹೊತ್ತಿಗೇ, ಅವರ ಸಿಸ್ಟಂ ಸಿಬ್ಬಂದಿಗೆ ತಾನಾಗಿ ಇಮೇಲ್ ಕಳಿಸಲು ಶುರು ಮಾಡಿತ್ತು. ಒಟ್ಟು 97 ಇಮೇಲ್. ಪವರ್ ಪೆಗ್ ಹೆಸರು ಅದರಲ್ಲೇ ಇತ್ತು. ಅವು ಎಚ್ಚರಿಕೆ ಅಂತ ಕಳಿಸುವ ಇಮೇಲ್‌ಗಳಲ್ಲ, ಬಂದಾಗ ಯಾರೂ ಸಾಮಾನ್ಯವಾಗಿ ನೋಡುತ್ತಲೂ ಇರಲಿಲ್ಲ. ಮಾರುಕಟ್ಟೆ ತೆರೆದದ್ದು 9:30ಕ್ಕೆ. ಇದೆಲ್ಲಾ 2013ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಎಸ್‌ಇಸಿ 1.2 ಕೋಟಿ ಡಾಲರ್ ದಂಡ ಹಾಕಿ ಹೊರಡಿಸಿದ ಆದೇಶದಲ್ಲಿದೆ, ಯಾರು ಬೇಕಾದರೂ ಓದಬಹುದು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾದರೆ, ಆ್ಯಪ್ ನಂಬಿ ಕೂತವರ ಪಾಡೇನು?

ಇನ್ನು ‘ಇನ್ಫೋ’ ಅಂತ ಇರುವ ಸಾಲುಗಳು. ಇವನ್ನು ಎಲ್ಲರೂ ಹಾರಿಸುತ್ತಾರೆ. ‘ಇನ್ಫೋ: ರೀಕನೆಕ್ಟೆಡ್’ ಅಂತ ಒಂದು ಸಾಲು ಬಂತು ಅಂದುಕೊಳ್ಳಿ. ಒಳ್ಳೆ ಸುದ್ದಿ ಥರ ಕಾಣುತ್ತದೆ, ಅಲ್ವಾ? ಮತ್ತೆ ಕನೆಕ್ಟ್ ಆಯಿತು ಅಂದರೆ ನಡುವೆ ಕಡಿದುಹೋಗಿತ್ತು ಅಂತ ಅರ್ಥ. ಎಷ್ಟು ಹೊತ್ತು? ಅಷ್ಟರಲ್ಲಿ ಕಳಿಸಿದ್ದ ಆರ್ಡರ್ ಏನಾಯಿತು? ಉತ್ತರ ಬರಲಿಲ್ಲ ಅಂತ ಪ್ರೋಗ್ರಾಂ ಅದನ್ನೇ ಇನ್ನೊಮ್ಮೆ ಕಳಿಸಿತಾ? ಹಾಗೆ ಕಳಿಸಿದ್ದರೆ ಆರ್ಡರ್ ಐಡಿ ನೋಡಬೇಕು. ಹಳೆಯ ಐಡಿಯೇ ಇದ್ದರೆ, ಇದು ಆಗಲೇ ಬಂದಿದೆ ಅಂತ ಆ ಕಡೆಯವರು ತಳ್ಳಿಹಾಕುವ ಸಾಧ್ಯತೆ ಇರುತ್ತದೆ. ಹೊಸ ಐಡಿ ಕೊಟ್ಟು ಕಳಿಸಿದ್ದರೆ ಅದು ಹೊಸ ಆರ್ಡರೇ, ಎರಡೂ ಫಿಲ್ ಆಗಿಬಿಡಬಹುದು.

ಏನೂ ಬರೆಯದೆ ಸುಮ್ನೆ ಇರುವ ಹೊತ್ತೂ ಅಷ್ಟೇ ಮುಖ್ಯ. ಒಳ್ಳೆಯ ಪ್ರೋಗ್ರಾಂ ಆಗಾಗ ‘ಹಾರ್ಟ್‌ಬೀಟ್’ ಅಂತ ಒಂದು ಸಾಲು ಹಾಕುತ್ತಿರುತ್ತದೆ, ಬದುಕಿದ್ದೇನೆ ಅಂತ ಹೇಳಲಿಕ್ಕೆ. ಇಡೀ ಮಧ್ಯಾಹ್ನ ಒಂದೂ ವ್ಯಾಪಾರ ಇಲ್ಲ ಅಂದರೆ ಅವಕಾಶ ಇರಲಿಲ್ಲವೋ, ಪ್ರೋಗ್ರಾಂ ನಿಂತೇ ಹೋಗಿತ್ತೋ? ಹಾರ್ಟ್‌ಬೀಟ್ ಇಲ್ಲದ ಲಾಗ್‌ನಲ್ಲಿ ಇದು ಯಾವ ದೇವರಿಗೂ ಗೊತ್ತಾಗಲ್ಲ.

ಗಡಿಯಾರದ ಬಗ್ಗೆ ಒಂದು ಮಾತು. ಬಹಳಷ್ಟು ಲಾಗ್‌ಗಳು ಯುಟಿಸಿ, ಅಂದರೆ ಜಗತ್ತಿಗೆಲ್ಲಾ ಒಂದೇ ಆದ ಪ್ರಮಾಣಿತ ಸಮಯದಲ್ಲಿರುತ್ತವೆ, ಬ್ರೋಕರ್ ಸ್ಟೇಟ್‌ಮೆಂಟ್ ಸ್ಥಳೀಯ ಸಮಯದಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಇದು ನನ್ನ ಆರ್ಡರೇ ಅಲ್ಲ’ ಅಂತ ಗಾಬರಿಯಾಗುವವರು ಇದ್ದಾರೆ. ಯುರೋಪಿನಲ್ಲಿ 2018ರಿಂದ, ಅತಿ ವೇಗದ ಟ್ರೇಡಿಂಗ್ ಮಾಡುವವರ ಗಡಿಯಾರ ಯುಟಿಸಿಗಿಂತ 100 ಮೈಕ್ರೊಸೆಕೆಂಡ್‌ಗಿಂತ ಜಾಸ್ತಿ ಆಚೀಚೆ ಆಗಬಾರದು ಅಂತ ನಿಯಮವೇ ಇದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಾಗದಿದ್ದರೆ ಲಾಗ್ ಇದ್ದೂ ಉಪಯೋಗವಿಲ್ಲ.

ಇನ್ನೊಂದು ವಿಷಯ. ಲಾಗ್ ಅಂದರೆ ಪ್ರೋಗ್ರಾಂ ತನ್ನ ಬಗ್ಗೆ ತಾನೇ ಹೇಳುವ ಮಾತು. ಅದನ್ನು ಬ್ರೋಕರ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಲೇಬೇಕು. ಕೊಳ್ಳಬೇಕು ಅಂತ ತೀರ್ಮಾನ ಮಾಡಿದಾಗ ಇದ್ದ ಬೆಲೆಗೂ ನಿಜವಾಗಿ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ, ಅಂದರೆ ಸ್ಲಿಪೇಜ್, ಆಗಲೇ ಕಣ್ಣಿಗೆ ಬೀಳುವುದು. ಜಾಹೀರಾತಿನಲ್ಲಿ ತೋರಿಸುವ ಬ್ಯಾಕ್‌ಟೆಸ್ಟ್ ಲಾಭ, ಅಂದರೆ ಹಳೆಯ ಬೆಲೆಗಳ ಮೇಲೆ ತಂತ್ರವನ್ನು ಓಡಿಸಿ ಲೆಕ್ಕ ಹಾಕಿದ ಲಾಭ, ಎಷ್ಟೋ ಸಲ ಕರಗಿಹೋಗುವುದು ಇಲ್ಲೇ, ಒಂದೊಂದು ಆರ್ಡರ್‌ನಲ್ಲಿ ಚೂರು ಚೂರಾಗಿ.

ಆ್ಯಪ್ ಮಾಡುವವರು ಇದನ್ನೆಲ್ಲಾ ಬಚ್ಚಿಟ್ಟು ‘ನಿಮ್ಮ ಆರ್ಡರ್ ಪೂರ್ಣಗೊಂಡಿದೆ’ ಅಂತ ಒಂದು ಚಂದದ ಸಾಲು ತೋರಿಸುತ್ತಾರೆ. ಸರಳವಾಗಿರಲಿ ಅಂತ ಹಾಗೆ ಮಾಡಿದ್ದೇವೆ ಅನ್ನುತ್ತಾರೆ. ಸರಳ ಯಾರಿಗೆ? ದುಡ್ಡು ಹಾಕಿದವರಿಗಂತೂ ಅಲ್ಲ.

ನಿಮ್ಮಲ್ಲಿ ಕೇಳುವುದಿಷ್ಟು. ಮುಂದಿನ ಸಲ ಇಂಥ ಆ್ಯಪ್ ಬಗ್ಗೆ ಬರೆಯುವಾಗ ನಿಮ್ಮ ವರದಿಗಾರರು ಕಂಪನಿಯವರನ್ನು ಲಾಭದ ಜೊತೆ ಇದನ್ನೂ ಕೇಳಲಿ: ಗ್ರಾಹಕರು ಪೂರ್ತಿ ಲಾಗ್ ಡೌನ್‌ಲೋಡ್ ಮಾಡಿಕೊಳ್ಳಬಹುದಾ, ಅದರಲ್ಲಿ ಎಕ್ಸ್‌ಚೇಂಜ್ ಕೊಟ್ಟ ಆರ್ಡರ್ ನಂಬರ್ ಇರುತ್ತದಾ, ಆರ್ಡರ್ ರಿಜೆಕ್ಟ್ ಆದರೆ ಕಾರಣ ಬರೆದಿರುತ್ತಾರಾ, ಎಷ್ಟು ದಿನ ಇಟ್ಟಿರುತ್ತಾರೆ? ಅವರು ಕೊಟ್ಟ ಉತ್ತರವನ್ನು ಇದ್ದ ಹಾಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ