ಮೂಳೆ ಕಾಣುವ ಗಾಯಕ್ಕೆ ಬರೀ ಡ್ರೆಸಿಂಗ್ ಸಾಕಾ?

ಮಾನ್ಯ ಸಂಪಾದಕರೇ,

ಹೆದ್ದಾರಿ ಅಪಘಾತದ ಸುದ್ದಿಯಲ್ಲಿ ಗಾಯಾಳುಗಳು ‘ಪ್ರಾಣಾಪಾಯದಿಂದ ಪಾರು’ ಅನ್ನುವಲ್ಲಿಗೆ ಕತೆ ಮುಗಿಯುತ್ತದೆ. ಅವರ ಕಾಲು ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಮೂಳೆಯ ಮೇಲೆ ಹೆಚ್ಚುಕಮ್ಮಿ ಬರೀ ಚರ್ಮವೇ ಇರುವುದು. ಬೈಕಿನಿಂದ ಬಿದ್ದು ಅದು ಕಿತ್ತುಹೋದರೆ ಮೂಳೆ ಹೊರಗೆ ಕಾಣುತ್ತದೆ. ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಅಂಟಿಸಿದರೆ, ಅಂದರೆ ಗ್ರಾಫ್ಟ್ ಮಾಡಿದರೆ, ಅಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಕೆಳಗಿನಿಂದ ರಕ್ತ ಸಿಗಬೇಕು, ಬರಿ ಮೂಳೆ ಎಲ್ಲಿಂದ ಕೊಡುತ್ತದೆ? ಅಲ್ಲಿ ಬೇಕಾಗುವುದು ಫ್ಲಾಪ್. ಚರ್ಮ, ಕೊಬ್ಬು, ಕೆಲವೊಮ್ಮೆ ಮಾಂಸಖಂಡವನ್ನೂ ರಕ್ತನಾಳದ ಸಮೇತ ತಂದು ಹೊದಿಸುವುದು. ಮೊಣಕಾಲಿನ ಹತ್ತಿರವಾದರೆ ಮೀನಖಂಡದ ಮಾಂಸವನ್ನೇ ತಿರುಗಿಸಿ ಹಾಕಬಹುದು. ಪಾದದ ಗಂಟಿನ ಹತ್ತಿರಕ್ಕೆ ಅದು ಎಟಕುವುದಿಲ್ಲ, ಹಾಗಾಗಿ ದೊಡ್ಡ ಗಾಯವಾಗಿದ್ದರೆ ತೊಡೆಯಿಂದಲೋ ಬೆನ್ನಿನಿಂದಲೋ ಪೂರ್ತಿ ಬಿಡಿಸಿ ತಂದು, ಮೈಕ್ರೋಸ್ಕೋಪ್ ಇಟ್ಟುಕೊಂಡು ಸಣ್ಣ ಸಣ್ಣ ರಕ್ತನಾಳಗಳನ್ನು ಒಂದಕ್ಕೊಂದು ಹೊಲಿಯಬೇಕಾಗುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. (ಆಮೇಲೆ ರೋಗಿ ಕದ್ದು ಬೀಡಿ ಸೇದಿದರೆ ಆ ನಾಳ ಕುಗ್ಗಿ, ಮಾಡಿದ್ದೆಲ್ಲ ಹಾಳಾಗಬಹುದು. ಇದನ್ನೂ ಮನೆಯವರಿಗೆ ಬಿಡಿಸಿ ಹೇಳುವವರು ಕಡಿಮೆ.)

ಇದರಲ್ಲಿ ಹೊಸದೇನೂ ಇಲ್ಲ. ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿದ್ದ ಮಾರ್ಕೊ ಗೊಡಿನಾ ಎಂಬ ಸರ್ಜನ್ 532 ರೋಗಿಗಳ ಲೆಕ್ಕ ಇಟ್ಟಿದ್ದರು, ಅದು 1986ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ಫ್ಲಾಪ್ ಹಾಕಿದವರಲ್ಲಿ ಸೋಂಕು 1.5%, ಅಲ್ಲಿಂದ ಮೂರು ತಿಂಗಳವರೆಗೆ ತಡವಾದವರಲ್ಲಿ 17.5%. ಎಲ್ಲರಿಗೂ ಮೂರೇ ದಿನದಲ್ಲಿ ಆಗದಿರಬಹುದು, ಒಪ್ಪೋಣ. ಆದರೆ ನಮ್ಮಲ್ಲಿ ಆಗುತ್ತಿರುವುದೇನು?

ಕಾಲಿಗೆ ಇಂಥದೇ ಗಾಯವಾಗಿದ್ದ ನಮ್ಮ ಭಾವನಿಗೆ ಒಂದು ಆಸ್ಪತ್ರೆಯಲ್ಲಿ ಹೊರಗಡೆಯಿಂದ ರಾಡ್ ಕೂರಿಸಿ, ವಾರಗಟ್ಟಲೆ ಸುಮ್ನೆ ಡ್ರೆಸಿಂಗ್ ಮಾಡುತ್ತಾ ಹೋದರು. ಫ್ಲಾಪ್ ಹಾಕುವ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ ಅಂತ ಅವರು ಹೇಳಿದ್ದು ಮೂಳೆ ಒಣಗಿ ಕಪ್ಪಾಗಿ ಕೀವು ಶುರುವಾದ ಮೇಲೆ. ಕೊನೆಗೆ ಬೆಂಗಳೂರಿನಲ್ಲಿ ಕೆಟ್ಟ ಮೂಳೆ ಕೆತ್ತಿ ತೆಗೆದು ಫ್ಲಾಪ್ ಹಾಕಿದರು. ಕಾಲು ಉಳಿಯಿತು, ಸಾಲ ಜಾಸ್ತಿಯಾಯಿತು.

2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ. ಒಳ್ಳೆಯದೇ. ಆದರೆ ಆ 7 ದಿನ ಡ್ರೆಸಿಂಗ್‌ನಲ್ಲೇ ಕಳೆದುಹೋದರೆ, ಮುಖ್ಯ ಆಪರೇಷನ್ ಬರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ ಅಲ್ವಾ?

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇಷ್ಟೇ. ಮೂಳೆ ಕಾಣುವಂಥ ಗಾಯವನ್ನು ಮೊದಲ ದಿನವೇ ಮೂಳೆ ಡಾಕ್ಟರ್ ಜೊತೆಗೆ ಪ್ಲಾಸ್ಟಿಕ್ ಸರ್ಜನ್ ಕೂಡ ನೋಡಬೇಕು. ಜಿಲ್ಲಾಸ್ಪತ್ರೆಯಲ್ಲಿ ಅಂಥವರು ಇಲ್ಲದಿದ್ದರೆ ಗಾಯದ ಫೋಟೊ ಮೊಬೈಲಿನಲ್ಲೇ ದೊಡ್ಡ ಆಸ್ಪತ್ರೆಗೆ ಕಳಿಸಿ, ರೋಗಿಯನ್ನು ಕಳಿಸಬೇಕೋ ಬೇಡವೋ ಅಂತ ಅವತ್ತೇ ತೀರ್ಮಾನ ಮಾಡಲಿ. ಫ್ಲಾಪ್ ಬೇಕಾದವರಿಗೆ ಆ 7 ದಿನದ ಮಿತಿಯನ್ನು ಸಡಿಲಿಸುವಂತೆ ರಾಜ್ಯ ಸರ್ಕಾರ ದೆಹಲಿಗೆ ಬರೆಯಲಿ.

– ಒಬ್ಬ ಓದುಗ, ಚಿತ್ರದುರ್ಗ