ಅದು ಅಚ್ಚಿನ ತಪ್ಪಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕಾದಂಬರಿ ವಿಮರ್ಶೆ ಓದಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕೊನೆಯ ಅಧ್ಯಾಯದ ವಿಷಯ ಎತ್ತಲೇಬೇಕು, ಇನ್ನೂ ಓದದವರ ಮಜಾ ಹಾಳಾಗಬಾರದು. ವಿಮರ್ಶಕರಿಗೆ ಯಾವುದೆಂದು ಗೊತ್ತಾಗುತ್ತದೆ, ಅಷ್ಟು ಸಾಕು.

ಅವರ ದೂರು ಎರಡು. ಕಥೆ ಹೇಳುವ ಹೆಂಗಸು ಸುಳ್ಳುಗಾರ್ತಿ, ಓದುಗರಿಗೆ ಮೋಸ ಮಾಡುತ್ತಾಳೆ ಎನ್ನುವುದು ಒಂದು. ತಾಯಿಯ ಸ್ವೆಟರ್ ಎರಡನೇ ಅಧ್ಯಾಯದಲ್ಲಿ ಹಸಿರು, ಒಂಬತ್ತನೆಯದರಲ್ಲಿ ನೀಲಿ, ಕರಡು ತಿದ್ದಿದವರು ನಿದ್ದೆ ಹೊಡೆಯುತ್ತಿದ್ದರು ಎನ್ನುವುದು ಇನ್ನೊಂದು.

ನಾನು 31 ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವುದೇ ಕೆಲಸ. ಸಾಹಿತ್ಯದ ಬಗ್ಗೆ ಮಾತಾಡಲು ನನ್ನ ಹತ್ತಿರ ಯಾವ ಪದವಿಯೂ ಇಲ್ಲ. ಆದರೆ ಸುಳ್ಳು ಹೇಳುವವರನ್ನೂ ನೆನಪು ತಪ್ಪಿದವರನ್ನೂ ನಾಲ್ಕು ಅಡಿ ದೂರದಲ್ಲಿ ಕೂತು ಕೇಳಿದ್ದೇನೆ. ಎಷ್ಟೋ ಸಲ ಸುಳ್ಳು ಹೇಳುವವನ ಕಥೆಯೇ ನೀಟಾಗಿರುತ್ತಿತ್ತು, ಮಗ್ಗಿ ಒಪ್ಪಿಸಿದ ಹಾಗೆ. ನಿಜವಾಗಿ ಕಂಡು ಹೆದರಿದವರು ಚಾಕುವಿನ ಹಿಡಿ ಹೇಗಿತ್ತು ಎಂದು ಹೇಳುತ್ತಿದ್ದರು. ಅದನ್ನು ಹಿಡಿದವನ ಮುಖ ಕೇಳಿದರೆ ಸುಮ್ಮನಾಗುತ್ತಿದ್ದರು. ಇದು ನಿಯಮ ಅಂತ ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ. ಮನಶ್ಶಾಸ್ತ್ರದವರೂ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಆಯುಧ ಕಣ್ಣಿಗೆ ಬಿದ್ದರೆ ಗಮನವೆಲ್ಲ ಅದರ ಮೇಲೇ ನಿಲ್ಲುತ್ತದೆ, ಸುತ್ತಲಿನದು ಮಸುಕಾಗುತ್ತದೆ.

ಪಾಟೀಸವಾಲಿನಲ್ಲಿ ವಕೀಲರು ಹಿಡಿಯುವುದು ಈ ಮಸುಕನ್ನೇ. ಆವತ್ತು ಮಳೆ ಬರುತ್ತಿತ್ತಾ? ಗೇಟಿಗೆ ಯಾವ ಬಣ್ಣ? ಮೊದಲು ಕಪ್ಪು ಅಂದಿದ್ದೀರಿ, ಈಗ ಕಂದು ಅನ್ನುತ್ತಿದ್ದೀರಿ? ಹೀಗೆ ಎಳೆದು ಎಳೆದು, ನೀವು ಅಲ್ಲಿ ಇರಲೇ ಇಲ್ಲ ಅನ್ನುತ್ತಿದ್ದರು. ಸಾಕ್ಷಿ ಅದನ್ನು ಒಪ್ಪದಿದ್ದರೆ ಕೊನೆಗೆ ನಾನು ಟೈಪ್ ಮಾಡುತ್ತಿದ್ದ ಸಾಲು ಇದು: "ನಾನು ಆ ದಿನ ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ." ಈ "ಎಂದರೆ ಸರಿಯಲ್ಲ" ಎಷ್ಟು ಸಾವಿರ ಸಲ ಹೊಡೆದಿದ್ದೇನೋ ಲೆಕ್ಕ ಇಲ್ಲ. ವಕೀಲರಿಗೆ ಅದು ಹೊಟ್ಟೆಪಾಡು, ಮಾಡಲಿ. ವಿಮರ್ಶಕರಿಗೆ ಯಾಕೆ ಬೇಕಿತ್ತು?

ಕಾದಂಬರಿಗೆ ಬರುತ್ತೇನೆ. ಅಪ್ಪ ಸಿಟ್ಟಿನಲ್ಲಿ ಚಿಕ್ಕ ಹುಡುಗನನ್ನು ಕೋಣೆಗೆ ಹಾಕಿ ಬಾಗಿಲು ಮುಚ್ಚಿದ ಒಂದು ರಾತ್ರಿ. ಅದನ್ನು ಅವನ ಅಕ್ಕ ನಾಲ್ಕು ಸಲ ಹೇಳುತ್ತಾಳೆ. ಮೊದಲ ಸಲ, ಚಿಲಕ ತೆಗೆದು ತಮ್ಮನನ್ನು ಬಿಡಿಸಿದವಳು ತಾನೇ. ಎರಡನೇ ಸಲ ತೆಗೆದದ್ದು ಅಮ್ಮ. ಮೂರನೇ ಸಲ ಬೆಳಗಾಗುವ ತನಕ ಯಾರೂ ತೆಗೆಯಲಿಲ್ಲ. ನಾಲ್ಕನೇ ಸಲ ಬರುವುದು ಒಂದೇ ಒಂದು ಪ್ಯಾರಾ. ಅಪ್ಪ ಹೇಳಿದ್ದಕ್ಕೆ ಚಿಲಕ ಹಾಕಿದ್ದೇ ತಾನು ಎನ್ನುತ್ತಾಳೆ, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. "ಹಾಗಾದರೆ ನಿಜವಾಗಿ ನಡೆದದ್ದೇನು? ಲೇಖಕಿ ಹೇಳಬೇಕಿತ್ತು" ಎಂದು ವಿಮರ್ಶಕರು ಕೇಳುತ್ತಾರೆ. ನಾಲ್ಕೂ ಸಲ ಬದಲಾಗದೆ ಉಳಿಯುವುದು ಏನು ಅಂತ ಅವರು ನೋಡಲಿಲ್ಲ. ಮುಚ್ಚಿದ ಬಾಗಿಲು, ಒಳಗೆ ಹುಡುಗ, ಹೊರಗೆ ತಣ್ಣಗಿನ ಚಿಲಕದ ಎತ್ತರಕ್ಕೆ ಕೈ ಚಾಚಿದ ಹುಡುಗಿ. ಕೈ ಅಲ್ಲಿಗೆ ಹೋಗಿದ್ದು ಅವಳಿಗೆ ಗೊತ್ತು. ತೆಗೆಯಲಿಕ್ಕೋ ಹಾಕಲಿಕ್ಕೋ ಎನ್ನುವುದನ್ನು ಮಾತ್ರ ನಲವತ್ತು ವರ್ಷ ಬೇಕಾದ ಹಾಗೆ ತಿರುಗಿಸಿಕೊಂಡಿದ್ದಾಳೆ. ಇದು ಸುಳ್ಳಾ? ಬದುಕಬೇಕಲ್ವಾ ಅವಳೂ.

ಇಂಥ ನಂಬಲಾಗದ ನಿರೂಪಕಿ "ಇತ್ತೀಚಿನ ಫ್ಯಾಷನ್" ಎಂದೂ ಬರೆದಿದ್ದಾರೆ. ವೇಯ್ನ್ ಬೂತ್ ಎಂಬ ವಿಮರ್ಶಕ ಇದಕ್ಕೆ ಹೆಸರಿಟ್ಟದ್ದೇ 1961ರಲ್ಲಿ. ಕತೆಗಾರರು ಅದಕ್ಕೂ ಎಷ್ಟೋ ಮೊದಲಿನಿಂದ ಇದನ್ನು ಮಾಡುತ್ತಿದ್ದರು.

ಈಗ ನಮ್ಮ ಮನೆಯ ಗಡಿಯಾರದ ವಿಷಯ. ಗೋಡೆ ಗಡಿಯಾರ, ಗಾಜು ಅಡ್ಡಕ್ಕೆ ಸೀಳಿತ್ತು, ಏಳರಿಂದ ಎರಡರವರೆಗೆ. ಅಪ್ಪ ಅಣ್ಣನ ಮೇಲೆ ಟಾರ್ಚ್ ಎಸೆದರು, ಅಣ್ಣ ಬಗ್ಗಿದ, ಅದು ಗಡಿಯಾರಕ್ಕೆ ಬಿತ್ತು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಟಾರ್ಚ್ ನೆಲದ ಮೇಲೆ ಉರುಳಿತು, ಅದರ ಬೆಳಕು ಗೋಡೆ ಮೇಲೆ ಒಂದು ಸುತ್ತು ಹೊಡೆದು ಅಣ್ಣನ ಪಾದದ ಹತ್ತಿರ ನಿಂತಿತು. ಈಗಲೂ ಕಣ್ಣು ಮುಚ್ಚಿದರೆ ಆ ಬೆಳಕು ಕಾಣುತ್ತದೆ.

ಅಕ್ಕ ಹೇಳುವುದು ಬೇರೆ. "ನೀನು ಆವತ್ತು ಮನೆಯಲ್ಲಿ ಇರಲೇ ಇಲ್ಲ ಕಣೇ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ವಾಪಸ್ ಬಂದ ಮೇಲೆ ನಾನೇ ನಿನಗೆ ಹೇಳಿದ್ದು. ಆ ಟಾರ್ಚಿನಲ್ಲಿ ಸೆಲ್ಲೇ ಇರಲಿಲ್ಲ." ಇನ್ನು ಅಣ್ಣ. ಪೆಟ್ಟು ತಿನ್ನಬೇಕಾಗಿದ್ದವನು ಅವನೇ. ಅವನ ಪ್ರಕಾರ ಅಪ್ಪ ಏನನ್ನೂ ಎಸೆಯಲಿಲ್ಲ. ಗಡಿಯಾರಕ್ಕೆ ಕೀ ಕೊಡಲು ಸ್ಟೂಲ್ ಹತ್ತಿದ್ದ, ಜಾರಿ ಬಿದ್ದ, ಗಾಜು ಒಡೆಯಿತು. ಯಾವಾಗ ಕೇಳಿದರೂ ಇದೇ. ಒಂದು ಪದ ಆಚೀಚೆ ಇಲ್ಲ. ಟೈಪ್ ಮಾಡುವವಳಿಗೆ ಇಂಥ ಹೇಳಿಕೆ ಬಹಳ ಸುಲಭ.

ನಿವೃತ್ತಿ ಆದ ಮೇಲೆ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರ 1974ರ ಪ್ರಯೋಗದ ಬಗ್ಗೆ ಓದಿದೆ. ಪಾಮರ್ ಎಂಬವರ ಜೊತೆ ಮಾಡಿದ್ದು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ತೋರಿಸಿ, ವೇಗ ಎಷ್ಟಿತ್ತು ಎಂದು ಕೇಳಿದರು. ಕೆಲವರಿಗೆ "ಹೊಡೆದಾಗ" ಎಂದು ಕೇಳಿದರು, ಕೆಲವರಿಗೆ "ಅಪ್ಪಳಿಸಿದಾಗ" ಎಂದು. ಮೊದಲನೆಯವರ ಅಂದಾಜು ಸರಾಸರಿ ಗಂಟೆಗೆ 34 ಮೈಲಿ, ಎರಡನೆಯವರದು 40ಕ್ಕೂ ಮೇಲೆ. ಇನ್ನೊಂದು ಗುಂಪಿಗೆ ಒಂದು ವಾರ ಬಿಟ್ಟು ಮತ್ತೊಂದು ಪ್ರಶ್ನೆ ಹಾಕಿದರು: ಒಡೆದ ಗಾಜು ನೋಡಿದಿರಾ? ತುಣುಕಿನಲ್ಲಿ ಗಾಜು ಇರಲೇ ಇಲ್ಲ. "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ನೋಡಿದೆವು ಅಂದರು. "ಹೊಡೆದಾಗ" ಎಂದು ಕೇಳಿಸಿಕೊಂಡ 50ರಲ್ಲಿ 7 ಮಂದಿ. ಒಂದು ಪದಕ್ಕೆ ಇಷ್ಟು. ನನ್ನ ಟಾರ್ಚಿಗೆ ಅಕ್ಕ ಹೇಳಿದ ಯಾವ ಪದ ಬೆಳಕು ಹಾಕಿತೋ ಗೊತ್ತಿಲ್ಲ.

ಹಾಗಂತ ನಮ್ಮ ಮನೆಯಲ್ಲಿ ಏನೂ ನಡೆಯಲಿಲ್ಲವಾ? ಗಡಿಯಾರದ ಗಾಜು ಒಡೆದಿತ್ತು. ಸಂಜೆ ಗೇಟಿನ ಸದ್ದು ಕೇಳಿದರೆ ಮೂವರೂ ಮಾತು ನಿಲ್ಲಿಸುತ್ತಿದ್ದೆವು. ಇದರಲ್ಲಿ ಮಾತ್ರ ಅಕ್ಕ, ನಾನು, ಅಣ್ಣ ಮೂವರದೂ ಒಂದೇ ಹೇಳಿಕೆ. ಮನೆಗಳಲ್ಲಿ ನಡೆಯುವ ಪಾಟೀಸವಾಲು ಕೋರ್ಟಿಗಿಂತ ಜಾಸ್ತಿ ಕೆಟ್ಟದ್ದು. ಸೆಲ್ ಇರಲಿಲ್ಲ, ಅದಕ್ಕೇ ಟಾರ್ಚ್ ಇರಲಿಲ್ಲ, ಅದಕ್ಕೇ ಅಪ್ಪ ಎಸೆಯಲೇ ಇಲ್ಲ, ನಿನಗೆ ಎಲ್ಲಾ ಕಲ್ಪನೆ. ಬಣ್ಣ ತಪ್ಪು ಹೇಳಿದವಳ ಪೆಟ್ಟೂ ಸುಳ್ಳು ಎನ್ನುವ ಈ ಲೆಕ್ಕವನ್ನೇ ನಿಮ್ಮ ವಿಮರ್ಶೆ ಸ್ವೆಟರಿಗೆ ಹಾಕಿದೆ.

ಪುಸ್ತಕವನ್ನು ಹೊಗಳುತ್ತಲೇ ಇರುವುದೂ ಸರಿಯಲ್ಲ. ಏಳನೇ ಅಧ್ಯಾಯದಲ್ಲಿ ಔಷಧಿಯ ವಾಸನೆ ಮೂಗಿಗೆ ಬಡಿದ ಕೂಡಲೇ ಅವಳಿಗೆ ಆ ರಾತ್ರಿ ಪೂರ್ತಿ, ಮಾತು ಮಾತೂ, ಸಿನಿಮಾ ತರಹ ಮರಳಿ ಬರುತ್ತದೆ. ಅಲ್ಲಿ ನನಗೆ ಬೇಸರ ಆಯಿತು. ವಾಸನೆಗೆ ಹೊಟ್ಟೆ ತೊಳಸಬಹುದು, ಅಳು ಬರಬಹುದು. ನೆನಪು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಯಲ್ಲ, ಇಟ್ಟ ಹಾಗೇ ಸಿಗಲು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದ ಮರುದಿನ ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಟ್ಟಿದ್ದರು. ಎರಡೂವರೆ ವರ್ಷ ಕಳೆದು 44 ಜನರಿಗೆ ಮತ್ತೆ ಅದನ್ನೇ ಕೇಳಿದರೆ, 11 ಜನರ ಉತ್ತರ ಪೂರ್ತಿ ತಪ್ಪು. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ. ಲೇಖಕಿ ಉಳಿದ ಪುಸ್ತಕದುದ್ದಕ್ಕೂ ಇಷ್ಟು ಹುಷಾರಾಗಿದ್ದು, ಆ ಒಂದು ಅಧ್ಯಾಯದಲ್ಲಿ ಯಾಕೆ ಅವಸರ ಮಾಡಿದರೋ. ವಿಮರ್ಶಕರು ಬೈಯಬೇಕಾಗಿದ್ದದ್ದು ಅದನ್ನು. ಅದನ್ನೇ "ಮನಕಲಕುವ ಅಧ್ಯಾಯ" ಎಂದು ಹೊಗಳಿದ್ದಾರೆ!

ಸ್ವೆಟರಿನ ಬಗ್ಗೆ ಒಂದು ಸಣ್ಣ ತಿದ್ದುಪಡಿ ಹಾಕಿದರೆ ಸಂತೋಷ. ಅದು ಅಚ್ಚಿನ ತಪ್ಪಲ್ಲ. ಹಸಿರು ಎನ್ನುವಾಗ ಹುಡುಗಿ ಅಮ್ಮನ ಮಡಿಲಲ್ಲಿ ಕೂತಿದ್ದಾಳೆ. ನೀಲಿ ಎನ್ನುವಾಗ ಕೋಣೆಯ ಆಚೆ ತುದಿಯಿಂದ ನೋಡುತ್ತಿದ್ದಾಳೆ. ದಯವಿಟ್ಟು ವಿಮರ್ಶಕರು ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಲಿ.

ನನ್ನ ಹತ್ತಿರ ಈಗ ಪುಸ್ತಕ ಇಲ್ಲ, ಅಧ್ಯಾಯದ ಸಂಖ್ಯೆಗಳನ್ನು ನೆನಪಿನಿಂದಲೇ ಬರೆದಿದ್ದೇನೆ. ತಪ್ಪಿದ್ದರೆ ಕ್ಷಮಿಸಿ. ಅಣ್ಣ ಬಂದಿದ್ದವನು ಮೇಜಿನ ಮೇಲಿದ್ದದ್ದನ್ನು ತಿರುವಿ ನೋಡಿ, ಏನೂ ಹೇಳದೆ ಚೀಲಕ್ಕೆ ಹಾಕಿಕೊಂಡು ಹೋದ. ಮೂರು ವಾರ ಆಯಿತು. ಓದಿದೆ ಅಂತಲೂ ಹೇಳಿಲ್ಲ, ವಾಪಸೂ ಕೊಟ್ಟಿಲ್ಲ.

ಇಂತಿ,
ಒಬ್ಬ ನಿವೃತ್ತ ಬೆರಳಚ್ಚುಗಾರ್ತಿ